ಗೇಟಿಲ್ಲದ ಪರಿಷೆಯಲ್ಲಿ ಜನರನ್ನು ಎಣಿಸುವುದು ಹೇಗೆ?

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಟಿಕೆಟ್ ಇಲ್ಲ, ಗೇಟೂ ಇಲ್ಲ. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಗಣಪತಿ ಮತ್ತು ದೊಡ್ಡ ಬಸವಣ್ಣನ ಗುಡಿಗಳ ಮುಂದೆ ನಡೆಯುವ ಈ ಜಾತ್ರೆ ಈಗ ಹಿಂದಿನ ಶನಿವಾರ, ಭಾನುವಾರದಿಂದಲೇ ಕಳೆಗಟ್ಟುತ್ತದೆ. ಗಾಂಧಿ ಬಜಾರ್ ಕಡೆಯಿಂದ, ಹನುಮಂತನಗರದಿಂದ, ಎನ್.ಆರ್. ಕಾಲೊನಿಯಿಂದ, ನಡುವಿನ ಅಡ್ಡರಸ್ತೆಗಳಿಂದೆಲ್ಲ ಜನ ಬುಲ್ ಟೆಂಪಲ್ ರಸ್ತೆಗೆ ಬಂದು ಸೇರುತ್ತಾರೆ. ಒಂದು ಸೇರು ಹುರಿದ ಕಾಯಿ ಕೊಂಡು, ದೇವರಿಗೆ ಕೈಮುಗಿದು, ತಮಗೆ ಅನುಕೂಲವಾದ ದಾರಿಯಲ್ಲಿ ಹೊರಡುತ್ತಾರೆ. ಮಾರನೆಯ ದಿನ ‘ಲಕ್ಷಾಂತರ ಜನ ಬಂದಿದ್ದರು’ ಎಂಬ ಮಾತು ಮಾತ್ರ ಉಳಿಯುತ್ತದೆ.

ಆ ಮಾತನ್ನು ಇಟ್ಟುಕೊಂಡು ಮುಂದಿನ ವರ್ಷಕ್ಕೆ ಎಷ್ಟು ಶೌಚಾಲಯ ಬೇಕು, ಎಷ್ಟು ಟ್ಯಾಂಕರ್ ನೀರು ಬೇಕು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು, ಯಾವ ಅಡ್ಡರಸ್ತೆಯನ್ನು ಖಾಲಿ ಬಿಡಬೇಕು ಎಂದು ತೀರ್ಮಾನಿಸಲು ಆಗುವುದಿಲ್ಲ. ಹದಿನಾರು ಸ್ವಯಂಸೇವಕರು, ಒಂದು ನಕ್ಷೆ, ಕೆಲವು ಕೌಂಟರ್‌ಗಳಿದ್ದರೆ ನಂಬಬಹುದಾದ ಅಂದಾಜು ಸಿಗುತ್ತದೆ. ಕೆಳಗಿನ ಕ್ರಮವನ್ನು ಕಡಲೆಕಾಯಿ ಪರಿಷೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದೆ. ನಿಮ್ಮೂರಿನ ತೇರು, ಊರಹಬ್ಬ, ಬೀದಿ ಉತ್ಸವಗಳಿಗೂ ಹೊಂದಿಸಿಕೊಳ್ಳಬಹುದು. ಉದಾಹರಣೆಯಲ್ಲಿರುವ ಅಂಕಿಗಳೆಲ್ಲ ಲೆಕ್ಕ ತೋರಿಸುವುದಕ್ಕಾಗಿ ಹಿಡಿದವು. ಯಾವ ವರ್ಷದ ಪರಿಷೆಯ ಅಳತೆಯೂ ಅಲ್ಲ.

ಯಾವ ಸಂಖ್ಯೆ ಬೇಕು ಎಂದು ಮೊದಲು ತೀರ್ಮಾನಿಸಿ

‘ಎಷ್ಟು ಜನ?’ ಎಂಬ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಅತಿ ಹೆಚ್ಚು ಜನ ಸೇರಿದ ಹೊತ್ತಿನಲ್ಲಿ ಒಟ್ಟಿಗೆ ಎಷ್ಟು ಮಂದಿ ಇದ್ದರು? ದಿನವಿಡೀ ಎಷ್ಟು ಭೇಟಿಗಳಾದವು? ಒಬ್ಬರೇ ಎರಡು ಮೂರು ಸಲ ಬಂದದ್ದನ್ನು ಕಳೆದರೆ ಬಂದ ತಲೆಗಳೆಷ್ಟು?

ಸುರಕ್ಷತೆಗೆ ಬೇಕಾದದ್ದು ಮೊದಲನೆಯದು. ಕಸ, ನೀರು, ಶೌಚಾಲಯದ ಲೆಕ್ಕಕ್ಕೆ ಎರಡನೆಯದು. ವರದಿಯಲ್ಲಿ ಬರೆಯಲು, ಅನುದಾನ ಕೇಳಲು ಮೂರನೆಯದು. ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ, ಒಂದರ ಜಾಗದಲ್ಲಿ ಇನ್ನೊಂದನ್ನು ಎಂದೂ ಹೇಳಬೇಡಿ. ಜಾತ್ರೆಗಳ ಜನಸಂಖ್ಯೆ ಉಬ್ಬುವುದು ಬಹುಮಟ್ಟಿಗೆ ಇಲ್ಲಿಯೇ. ಸಂಜೆ ಏಳರ ದಟ್ಟಣೆಯನ್ನು ನೋಡಿ, ಅದನ್ನು ಗಂಟೆಗಳಿಂದ ಗುಣಿಸಿ, ಮತ್ತೆ ದಿನಗಳಿಂದ ಗುಣಿಸಿಬಿಡುತ್ತಾರೆ. ಒಬ್ಬ ವ್ಯಕ್ತಿ ಎರಡು ಗಂಟೆ ಇದ್ದರೆ ಆ ಲೆಕ್ಕದಲ್ಲಿ ಅವನು ಇಬ್ಬರಾಗುತ್ತಾನೆ.

ಗಡಿ ಮತ್ತು ನಕ್ಷೆ

ಪರಿಷೆಗೆ ಹದಿನೈದು ದಿನ ಮೊದಲೇ ಗಡಿ ಎಳೆಯಿರಿ. ಎಲ್ಲಿಂದ ಒಳಗೆ, ಎಲ್ಲಿಂದ ಹೊರಗೆ ಎಂಬುದಕ್ಕೆ ನೆಲದ ಮೇಲೆ ಕಾಣುವ ಗುರುತಿರಬೇಕು: ಒಂದು ದೀಪದ ಕಂಬ, ಟ್ರಾನ್ಸ್‌ಫಾರ್ಮರ್, ಅಂಗಡಿಯ ಮೂಲೆ. ‘ರಾಮಕೃಷ್ಣ ಆಶ್ರಮದ ವೃತ್ತದ ಹತ್ತಿರ’ ಎಂದು ಬರೆದರೆ ಸಾಲದು. ವೃತ್ತದ ಯಾವ ಬದಿಯ ಯಾವ ಕಂಬ ಎಂದು ಬರೆಯಬೇಕು. ಗಡಿ ಹತ್ತು ಮೀಟರ್ ಆಚೀಚೆ ಆದರೆ, ಅಲ್ಲಿ ಬಸ್ಸಿಗೆ ಕಾಯುವವರೂ ಆಟೊ ಹತ್ತುವವರೂ ಲೆಕ್ಕಕ್ಕೆ ಸೇರಿಕೊಳ್ಳುತ್ತಾರೆ.

ಗಡಿಯೊಳಗಿನ ಜಾಗವನ್ನು ತುಂಡುಗಳಾಗಿ ವಿಂಗಡಿಸಿ. ಮುಖ್ಯ ರಸ್ತೆಯನ್ನು ಸುಮಾರು 100 ಮೀಟರ್‌ನ ತುಂಡುಗಳಾಗಿ, ಗುಡಿಯ ಮುಂದಿನ ಅಂಗಳವನ್ನು ಒಂದಾಗಿ, ಪ್ರತಿ ಅಡ್ಡರಸ್ತೆಯನ್ನು ಒಂದೊಂದಾಗಿ, ಬ್ಯೂಗಲ್ ರಾಕ್ ಉದ್ಯಾನವನ್ನು ಬೇರೆಯಾಗಿ. ಮಕ್ಕಳ ಆಟದ ಸಾಮಾನು, ಜಾಯಿಂಟ್ ವೀಲ್ ಹಾಕಿದ ಜಾಗವಿದ್ದರೆ ಅದೂ ಬೇರೆಯೇ. ಅಲ್ಲಿ ಜನ ನಡೆಯುವುದಿಲ್ಲ, ನಿಂತಿರುತ್ತಾರೆ.

ಉದ್ದವನ್ನು ಫೋನಿನ ನಕ್ಷೆಯಲ್ಲಿ ಅಳೆಯಬಹುದು. ಅಗಲವನ್ನು ಮಾತ್ರ ಟೇಪು ಹಿಡಿದೇ ಅಳೆಯಿರಿ, ಅದೂ ಅಂಗಡಿಗಳು ಕೂತ ಮೇಲೆ. ಖಾಲಿ ರಸ್ತೆಯ ಅಗಲ 18 ಮೀಟರ್ ಇದ್ದರೂ ಎರಡೂ ಬದಿಯಲ್ಲಿ ಕಡಲೆಕಾಯಿ ರಾಶಿ, ಅದರ ಹಿಂದೆ ಮೂಟೆ, ಮೂಟೆಯ ಪಕ್ಕ ರೈತನ ಕುಟುಂಬ ಮಲಗುವ ಜಾಗ, ಮುಂದೆ ಚೌಕಾಸಿಗೆ ನಿಂತ ಗಿರಾಕಿಗಳು ಸೇರಿ ನಡೆಯಲು ಉಳಿಯುವುದು 7–8 ಮೀಟರ್. ನಡುವೆ ಬಳೆ, ಬಲೂನು, ಪೀಪಿ ಮಾರುವವರು ಕೂತರೆ ಇನ್ನೂ ಕಡಿಮೆ. ಇಡೀ ಅಂದಾಜಿನಲ್ಲಿ ಅತಿ ದೊಡ್ಡ ತಪ್ಪು ನುಸುಳುವುದು ಈ ಒಂದು ಅಳತೆಯಲ್ಲಿ, ಆದ್ದರಿಂದ ಪ್ರತಿ ತುಂಡಿನಲ್ಲಿ ಮೂರು ಕಡೆ ಅಳೆದು ಸರಾಸರಿ ತೆಗೆಯಿರಿ.

ಕಣ್ಣನ್ನು ಪಳಗಿಸುವುದು

ಜನದಟ್ಟಣೆಯಿಂದ ಸಂಖ್ಯೆ ತೆಗೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್. 1960ರ ದಶಕದಲ್ಲಿ ವಿದ್ಯಾರ್ಥಿ ಚಳವಳಿಯ ಸಭೆಗಳು ಅವರ ಕಚೇರಿಯ ಕಿಟಕಿಯಿಂದ ಕಾಣುತ್ತಿದ್ದವು. ಕೆಳಗಿನ ಚೌಕದ ಕಾಂಕ್ರೀಟ್ ನೆಲದಲ್ಲಿ ಸಮನಾದ ಗೆರೆಗಳಿದ್ದವು. ಆ ಗೆರೆಗಳಿಂದಾದ ಕೆಲವು ಚೌಕಳಿಗಳಲ್ಲಿ ತಲೆ ಎಣಿಸಿ, ಸರಾಸರಿಯನ್ನು ಒಟ್ಟು ಚೌಕಳಿಗಳಿಂದ ಗುಣಿಸಿದರು. ಸಡಿಲ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾದ ಗುಂಪಿನಲ್ಲಿ 4.5 ಚದರ ಅಡಿ ಎಂಬ ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಮೀಟರಿಗೆ ತಂದರೆ ಚದರ ಮೀಟರಿಗೆ ಸುಮಾರು 1.1 ಮತ್ತು 2.4 ಜನ.

ಸೂತ್ರ ಗೊತ್ತಿದ್ದರೆ ಸಾಲದು, ‘ಸಡಿಲ’ ಎಂದರೆ ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಿರಬೇಕು. ಅಭ್ಯಾಸ ಹೀಗಿರಲಿ. ಪರಿಷೆಗೆ ಒಂದು ವಾರ ಮೊದಲು, ಶಾಲೆಯ ಮೈದಾನದಲ್ಲಿ ರಂಗೋಲಿ ಪುಡಿಯಿಂದ 2 ಮೀಟರ್ ಉದ್ದ, 2 ಮೀಟರ್ ಅಗಲದ ಚೌಕ ಹಾಕಿ. ಅದರೊಳಗೆ ನಾಲ್ವರು ನಿಂತರೆ ಚದರ ಮೀಟರಿಗೆ 1. ಕೈ ಬೀಸಿಕೊಂಡು ಓಡಾಡಬಹುದು. ಎಂಟು ಮಂದಿ ನಿಂತರೆ 2. ತಿರುಗುವಾಗ ಭುಜ ತಾಗುತ್ತದೆ, ಕೈಚೀಲ ಪಕ್ಕದವರಿಗೆ ಬಡಿಯುತ್ತದೆ. ಹನ್ನೆರಡು ಮಂದಿಗೆ 3. ಮುಂದಿರುವವರ ಕಾಲು ಕಾಣುವುದಿಲ್ಲ, ಹೆಜ್ಜೆ ಚಿಕ್ಕದಾಗುತ್ತದೆ. ಹದಿನಾರು ನಿಲ್ಲಿಸಿದರೆ 4. ನಗುತ್ತಾ ನಿಂತವರ ನಗು ಅಲ್ಲಿಗೆ ನಿಲ್ಲುತ್ತದೆ, ಎದೆಯ ಮುಂದೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ಇಪ್ಪತ್ತರ ಪ್ರಯೋಗ ಬೇಡ. ಪ್ರತಿ ಹಂತದಲ್ಲೂ ಎದುರಿನಿಂದ ಒಂದು, ಮೊದಲ ಮಹಡಿಯಿಂದ ಒಂದು ಫೋಟೊ ತೆಗೆದು, ನಾಲ್ಕೂ ಹಂತಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ಎಣಿಸುವವರ ಕೈಗೆ ಕೊಡಿ. ಎದುರಿನಿಂದ ನೋಡಿದರೆ 2 ಕೂಡ 4ರಂತೆ ಕಾಣುತ್ತದೆ ಎಂಬುದು ಆ ಹಾಳೆಯಲ್ಲಿ ಸ್ಪಷ್ಟವಾಗುತ್ತದೆ. ಪತ್ರಿಕೆಯ ಫೋಟೊ ನೋಡಿ ಜನ ಎಷ್ಟೆಂದು ಹೇಳುವವರು ಮೋಸಹೋಗುವುದು ಇದರಿಂದಲೇ: ಮುಂದಿನ ಸಾಲು ಹಿಂದಿನ ಖಾಲಿ ಜಾಗವನ್ನು ಮುಚ್ಚಿಬಿಡುತ್ತದೆ.

ಗಂಟೆಗೊಂದು ಸುತ್ತು

ಪರಿಷೆಯ ದಿನ ಇಬ್ಬಿಬ್ಬರ ಎರಡು ಜೋಡಿ ಪ್ರತಿ ಗಂಟೆಗೊಮ್ಮೆ ಎಲ್ಲ ತುಂಡುಗಳನ್ನು ಸುತ್ತಬೇಕು. ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು. ಸುತ್ತು 20 ನಿಮಿಷದೊಳಗೆ ಮುಗಿಯಬೇಕು. ಅದಕ್ಕಿಂತ ಹೆಚ್ಚಾದರೆ ಮೊದಲ ತುಂಡಿನಲ್ಲಿ ಎಣಿಸಿದವರೇ ನಡೆದು ಬಂದು ಕಡೆಯ ತುಂಡಿನಲ್ಲಿ ಮತ್ತೆ ಸಿಗುತ್ತಾರೆ. ಸಂಜೆ ಆರರ ಮೇಲೆ ರಸ್ತೆಯೊಳಗೆ ಬೇಗ ನಡೆಯಲಾಗುವುದಿಲ್ಲವಾದ್ದರಿಂದ ಜೋಡಿಗಳು ಎರಡು ತುದಿಗಳಿಂದ ಹೊರಟು ನಡುವೆ ಸೇರಲಿ.

ಪ್ರತಿ ತುಂಡಿನಲ್ಲಿ ನೋಡುವವರು ಫುಟ್‌ಪಾತಿನ ಎತ್ತರದಲ್ಲೋ ಮೆಟ್ಟಿಲ ಮೇಲೋ ನಿಂತು, ಮೊದಲೇ ಗುರುತಿಸಿದ ಎರಡು ಕಂಬಗಳ ನಡುವಿನ ಸಣ್ಣ ಪಟ್ಟಿಯಲ್ಲಿ ತಲೆ ಎಣಿಸುತ್ತಾರೆ. ಆ ಪಟ್ಟಿಯ ಚದರ ಅಳತೆ ಗೊತ್ತಿರುವುದರಿಂದ ದಟ್ಟಣೆ ಸಿಗುತ್ತದೆ. ಪಟ್ಟಿಯ ಜಾಗವನ್ನು ಮೊದಲೇ ನಿಗದಿ ಮಾಡುವುದು ಮುಖ್ಯ. ಸ್ಥಳದಲ್ಲಿ ಆರಿಸಲು ಬಿಟ್ಟರೆ ಎಲ್ಲರ ಕಣ್ಣೂ ಜನ ಹೆಚ್ಚಿರುವ ಕಡೆಗೇ ಹೋಗುತ್ತದೆ.

ಅಂಗಡಿಯ ಮುಂದೆ ನಿಂತವರಿಗೆ ಚದರ ಮೀಟರಿನ ಲೆಕ್ಕ ಹೊಂದುವುದಿಲ್ಲ. ಅವರು ಒಂದೇ ಸಾಲಿನಲ್ಲಿ, ಹೆಚ್ಚೆಂದರೆ ಎರಡು ಸಾಲಿನಲ್ಲಿ ರಾಶಿಯ ಮುಂದೆ ನಿಂತಿರುತ್ತಾರೆ. ಅಲ್ಲಿ ಅಂಗಡಿಸಾಲಿನ ಪ್ರತಿ ಮೀಟರಿಗೆ ಎಷ್ಟು ಜನ ಎಂದು ಬರೆದುಕೊಳ್ಳಿ. ಉದ್ಯಾನದಲ್ಲಿ ಕೂತವರನ್ನು ನೇರವಾಗಿಯೇ ಎಣಿಸಬಹುದು. ಬಂಡೆಯ ಮೇಲಿನವರನ್ನು ಮರೆಯಬೇಡಿ.

ಒಂದು ಸುತ್ತಿನ ಲೆಕ್ಕ ಹೀಗೆ ಬರುತ್ತದೆ. ಮುಖ್ಯ ರಸ್ತೆ 700 ಮೀಟರ್, ನಡೆಯುವ ಅಗಲ 8 ಮೀಟರ್, ಅಂದರೆ 5,600 ಚದರ ಮೀಟರ್. ದಟ್ಟಣೆಯ ಸರಾಸರಿ 1.8, ಜನ 10,080. ಅಂಗಡಿಸಾಲು ಎರಡೂ ಬದಿ ಸೇರಿ 1,400 ಮೀಟರ್, ಮೀಟರಿಗೆ ಒಂದೂವರೆ, 2,100. ಗುಡಿಯ ಅಂಗಳ 900 ಚದರ ಮೀಟರ್, ದಟ್ಟಣೆ 2.5, ಅಲ್ಲಿ 2,250. ನಾಲ್ಕು ಅಡ್ಡರಸ್ತೆಗಳು ಒಟ್ಟು 1,440 ಚದರ ಮೀಟರ್, ದಟ್ಟಣೆ 1, ಅಷ್ಟೇ ಜನ. ಉದ್ಯಾನದಲ್ಲಿ ನೇರ ಎಣಿಕೆ 2,100. ಕೂಡಿದರೆ 17,970, ಅಂದರೆ ಆ ಹೊತ್ತಿಗೆ ಸುಮಾರು 18,000.

ಇದೇ ರಸ್ತೆಗೆ ಕಂಬದಿಂದ ಕಂಬಕ್ಕೆ ಪೂರಾ 18 ಮೀಟರ್ ಅಗಲ ಹಿಡಿದು, ಗುಡಿಯ ಬಾಗಿಲಲ್ಲಿ ಕಂಡ ದಟ್ಟಣೆ 4 ಅನ್ನು ಉದ್ದಕ್ಕೂ ಹಚ್ಚಿದರೆ ರಸ್ತೆಯೊಂದರಲ್ಲೇ 50,400 ಜನ ಬರುತ್ತಾರೆ. ಅಳತೆಯಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ, ಆದರೂ ರಸ್ತೆಯ ಸಂಖ್ಯೆಯೊಂದೇ ಇಡೀ ಪರಿಷೆಯ 18,000ದ ಮೂರು ಪಟ್ಟಿನ ಹತ್ತಿರ ಹೋಯಿತು.

ದಾರಿಬಾಯಿಯಲ್ಲಿ ಎಣಿಕೆ

ಸುತ್ತಿನ ಎಣಿಕೆಯ ಜೊತೆಗೆ ಸ್ವತಂತ್ರವಾದ ಇನ್ನೊಂದು ಎಣಿಕೆ ಬೇಕು, ಒಂದರ ತಪ್ಪನ್ನು ಇನ್ನೊಂದು ಹಿಡಿಯಲಿಕ್ಕೆ. ಗಡಿಗೆ ಸೇರುವ ಎಲ್ಲ ದಾರಿಗಳ ಪಟ್ಟಿ ಮಾಡಿ. ಬೈಕು ಕೂಡ ನುಗ್ಗದ ಸಂದಿಗಳೂ ಇರಲಿ. ಆಸುಪಾಸಿನ ನಿವಾಸಿಗಳೂ ಗಾಡಿ ನಿಲ್ಲಿಸಿ ಬರುವವರೂ ಬಳಸುವುದು ಅವನ್ನೇ. ದೊಡ್ಡ ದಾರಿಗಳಲ್ಲಿ ಕಾಯಂ ಒಬ್ಬರು, ಸಣ್ಣ ಸಂದಿಗಳಿಗೆ ಸುತ್ತುತ್ತಾ ಎಣಿಸುವ ಒಬ್ಬರು ಸಾಕು.

ಇಡೀ ಹೊತ್ತು ಎಣಿಸುವ ಅಗತ್ಯವಿಲ್ಲ. ಅರ್ಧ ಗಂಟೆಯಲ್ಲಿ 5 ನಿಮಿಷ ಎಣಿಸಿ 6ರಿಂದ ಗುಣಿಸಿ. ಆ 5 ನಿಮಿಷ ಯಾವಾಗ ಎಂಬುದು ಮೊದಲೇ ಕಾಗದದ ಮೇಲಿರಲಿ: 4.10, 4.40, 5.10 ಹೀಗೆ. ಮಂಗಳಾರತಿ ಮುಗಿದ ತಕ್ಷಣ, ಮೆಟ್ರೊದ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಒಂದು ಗುಂಪು ಬಂದ ತಕ್ಷಣ ‘ಈಗ ಎಣಿಸೋಣ’ ಎಂದು ಶುರುಮಾಡಿದರೆ ಆ ಅಲೆಯನ್ನೇ ಅರ್ಧ ಗಂಟೆಗೆ ಹಿಗ್ಗಿಸಿದಂತಾಗುತ್ತದೆ.

ಕೈಯಲ್ಲಿ ಹಿಡಿದು ಒತ್ತುವ ನಾಲ್ಕು ಅಂಕಿಯ ಕೌಂಟರ್ ಒಳ್ಳೆಯದು. ಅದು ಸಿಗದಿದ್ದರೆ ಜಪಕ್ಕೆ ಬಳಸುವ, ಬೆರಳಿಗೆ ಹಾಕುವ ಕೌಂಟರ್ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಶೂನ್ಯ ಮಾಡುವ ಗುಂಡಿ ಅಕಸ್ಮಾತ್ ಒತ್ತಿಹೋಗದಂತೆ ಮೇಲೆ ಟೇಪು ಹಚ್ಚಿ. ಒಳಬರುವವರಿಗೊಂದು, ಹೊರಹೋಗುವವರಿಗೊಂದು. ನಿಮಿಷಕ್ಕೆ 40–50 ಜನಕ್ಕಿಂತ ಹೆಚ್ಚು ಹಾಯುವಾಗ ಒಬ್ಬರ ಕಣ್ಣಿಗೆ ತಪ್ಪುತ್ತದೆ. ಆಗ ದಾರಿಯ ಅಗಲವನ್ನು ಎರಡು ಪಾಲು ಮಾಡಿ ಇಬ್ಬರಿಗೆ ಹಂಚಿ, ಅಥವಾ ಐದೈದು ಜನಕ್ಕೆ ಒಂದು ಸಲ ಒತ್ತಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಗೆರೆ ದಾಟಿದವರನ್ನು ಮಾತ್ರ ಎಣಿಸಿ. ಗೆರೆಯ ಮೇಲೆ ನಿಂತು ಹರಟುವವರು, ಗೆಳೆಯರಿಗೆ ಕಾಯುವವರು ಲೆಕ್ಕಕ್ಕಿಲ್ಲ.

ಕಂಕುಳಲ್ಲಿರುವ ಮಗುವನ್ನು ಎಣಿಸಬೇಕೆ? ಎಣಿಸಿ ಎಂಬುದು ನಮ್ಮ ಸಲಹೆ, ಏಕೆಂದರೆ ನೂಕುನುಗ್ಗಲಾದರೆ ಮೊದಲು ಅಪಾಯಕ್ಕೆ ಸಿಗುವುದು ಅದೇ ಮಗು. ಏನೇ ತೀರ್ಮಾನಿಸಿದರೂ ಎಲ್ಲ ದಾರಿಗಳಲ್ಲೂ ಒಂದೇ ನಿಯಮವಿರಲಿ. ಅಂಗಡಿಯವರು, ಪೊಲೀಸರು, ಪೌರಕಾರ್ಮಿಕರು, ಸ್ವಯಂಸೇವಕರು ಸಂದರ್ಶಕರಲ್ಲ. ಅವರ ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆಯಿರಿ. ಆದರೆ ರಸ್ತೆಯ ಮೇಲೆ ಅವರೂ ಜಾಗ ಹಿಡಿಯುತ್ತಾರೆ, ಆದ್ದರಿಂದ ಸುರಕ್ಷತೆಯ ಲೆಕ್ಕಕ್ಕೆ ಸೇರಿಸಲೇಬೇಕು.

ಎಣಿಸುವವರನ್ನು 45 ನಿಮಿಷಕ್ಕೊಮ್ಮೆ ಬದಲಿಸಿ. ದಣಿದವರು ಸಾಮಾನ್ಯವಾಗಿ ಕಡಿಮೆ ಎಣಿಸುತ್ತಾರೆ, ಹೆಚ್ಚು ಎಣಿಸುವುದು ಅಪರೂಪ. ಹಾಗಾಗಿ ದಣಿವಿನ ತಪ್ಪು ಒಂದಕ್ಕೊಂದು ವಜಾ ಆಗದೆ ರಾತ್ರಿಯವರೆಗೂ ಕೂಡುತ್ತಾ ಹೋಗುತ್ತದೆ. ಒಳಬಂದವರಲ್ಲಿ ಹೊರಹೋದವರನ್ನು ಕಳೆದು ‘ಈಗ ಒಳಗಿರುವವರು’ ಎಂದು ತೆಗೆಯುವ ಲೆಕ್ಕ ಗಂಟೆಗಳು ಕಳೆದಂತೆ ಹಳಿ ತಪ್ಪುವುದೂ ಇದರಿಂದಲೇ. ಅದನ್ನು ಪ್ರತಿ ಗಂಟೆಯ ಸುತ್ತಿನ ಎಣಿಕೆಗೆ ಹೋಲಿಸಿ ಸರಿಮಾಡಿಕೊಳ್ಳುತ್ತಿರಬೇಕು.

ಎಷ್ಟು ಹೊತ್ತು ಇದ್ದರು?

ಒಟ್ಟು ಭೇಟಿಗಳ ಲೆಕ್ಕದ ಕೀಲಿ ಇಲ್ಲಿದೆ. ಗಂಟೆಗಂಟೆಯ ಸುತ್ತುಗಳನ್ನು ಕೂಡಿದರೆ ಬರುವುದು ಜನಗಂಟೆ (ಒಬ್ಬರು ಒಂದು ಗಂಟೆ ಇದ್ದರೆ ಒಂದು ಜನಗಂಟೆ). ಅದನ್ನು ಒಬ್ಬರು ಸರಾಸರಿ ಇದ್ದ ಹೊತ್ತಿನಿಂದ ಭಾಗಿಸಿದರೆ ಭೇಟಿಗಳು.

ಉದಾಹರಣೆಗೆ ಸಂಜೆ 4ಕ್ಕೆ 6,000, 5ಕ್ಕೆ 10,000, 6ಕ್ಕೆ 15,000, 7ಕ್ಕೆ 18,000, 8ಕ್ಕೆ 16,000, 9ಕ್ಕೆ 9,000, 10ಕ್ಕೆ 3,000 ಎಂದಿಟ್ಟುಕೊಳ್ಳಿ. ಮೊದಲನೆಯ ಮತ್ತು ಕೊನೆಯ ಅಂಕಿಗಳು ಅರ್ಧರ್ಧ ಗಂಟೆಗಷ್ಟೇ ಸಲ್ಲುವುದರಿಂದ ಅವನ್ನು ಅರ್ಧ ಮಾಡಿ, ಉಳಿದವನ್ನು ಪೂರ್ತಿ ಕೂಡಿ: 72,500 ಜನಗಂಟೆ. ಸರಾಸರಿ ಇರುವ ಹೊತ್ತು ಒಂದೂವರೆ ಗಂಟೆಯಾದರೆ ಭೇಟಿಗಳು ಸುಮಾರು 48,000. ಒಂದೂಕಾಲು ಗಂಟೆಯಾದರೆ 58,000. ಎರಡು ಗಂಟೆಯಾದರೆ 36,000. ಅದೇ ಜನ, ಅದೇ ರಸ್ತೆ. ‘ಎಷ್ಟು ಹೊತ್ತು’ ಎಂಬ ಒಂದು ಉತ್ತರದ ಮೇಲೆ ಇಪ್ಪತ್ತೆರಡು ಸಾವಿರದ ವ್ಯತ್ಯಾಸ. ಡ್ರೋನ್‌ಗೆ ಹಣ ಹೊಂದಿಸುವ ಮೊದಲು ಪ್ರಶ್ನೆ ಕೇಳುವ ನಾಲ್ವರನ್ನು ಹೊಂದಿಸಿ ಎಂದು ಒತ್ತಿ ಹೇಳುವುದು ಇದಕ್ಕೇ.

ಕೇಳಬೇಕಾದದ್ದು ಹೊರಹೋಗುವವರನ್ನು, ಒಳಗೆ ಅಡ್ಡಾಡುವವರನ್ನಲ್ಲ. ಒಳಗೆ ಕೇಳಿದರೆ ಹೆಚ್ಚು ಹೊತ್ತು ಇರುವವರೇ ಹೆಚ್ಚು ಸಿಗುತ್ತಾರೆ. ಹತ್ತು ನಿಮಿಷದಲ್ಲಿ ಎರಡು ಸೇರು ಹಸಿಕಾಯಿ ಕೊಂಡು ಮನೆಗೆ ಹೋದವರು ಸಿಗುವುದೇ ಇಲ್ಲ. ಸರಾಸರಿ ಹೊತ್ತು ಏರುತ್ತದೆ, ಭೇಟಿಗಳು ಕಡಿಮೆಯಾಗುತ್ತವೆ. ದೊಡ್ಡ ದಾರಿಗಳಲ್ಲಿ ಹೊರಬೀಳುವ ಪ್ರತಿ 20ನೆಯ ಗುಂಪನ್ನು ನಿಲ್ಲಿಸಿ ಕೇಳಿ, ಒಬ್ಬರೇ ಬಂದಿದ್ದರೂ ಅದನ್ನು ಒಂದು ಗುಂಪೆಂದೇ ಹಿಡಿಯಿರಿ. ನಗುಮುಖದವರನ್ನು, ಕೈ ಖಾಲಿ ಇರುವವರನ್ನು ಆರಿಸಿಕೊಂಡರೆ ಮಾದರಿ ಕೆಡುತ್ತದೆ.

ಪ್ರಶ್ನೆಗಳು ನಾಲ್ಕು, ಅರ್ಧ ನಿಮಿಷದಲ್ಲಿ ಮುಗಿಯುವಂಥವು. ‘ಪರಿಷೆಗೇ ಬಂದಿದ್ರಾ, ಇಲ್ಲಾ ದಾರಿ ಹಾದು ಹೊರಟಿದ್ದಾ?’ ‘ಈ ಸಲ ಎಷ್ಟು ಗಂಟೆಗೆ ಒಳಗೆ ಬಂದ್ರಿ?’ ‘ಈ ವರ್ಷದ ಪರಿಷೆಗೆ ಇದೇ ಮೊದಲ ಸಲಾನಾ?’ ‘ಜೊತೆಗೆ ಎಷ್ಟು ಜನ ಇದ್ದೀರಿ?’ ಹಿರಿಯರಾದರೆ ‘ಅಮ್ಮಾ’, ‘ಯಜಮಾನ್ರೇ’ ಎಂದು ಕರೆದು ಕೇಳಿದರೆ ಯಾರೂ ಮುಖ ತಿರುಗಿಸುವುದಿಲ್ಲ. ತಮಿಳು, ತೆಲುಗು, ಹಿಂದಿ ಬಲ್ಲ ಒಬ್ಬೊಬ್ಬರಾದರೂ ತಂಡದಲ್ಲಿರಲಿ. ಹೆಸರು, ಫೋನ್ ನಂಬರ್ ಕೇಳಬೇಡಿ. ಅವು ಈ ಕೆಲಸಕ್ಕೆ ಬೇಕಾಗಿಲ್ಲ, ಕೇಳಿದರೆ ಜನ ದೂರ ಸರಿಯುತ್ತಾರೆ.

‘ಎಷ್ಟು ಹೊತ್ತು ಇದ್ರಿ?’ ಎಂದು ಕೇಳಿದರೆ ‘ಒಂದು ಗಂಟೆ’, ‘ಎರಡು ಗಂಟೆ’ ಎಂಬ ದುಂಡು ಉತ್ತರಗಳು ಬರುತ್ತವೆ. ಬಂದ ಸಮಯ ಕೇಳಿ ನೀವೇ ಕಳೆಯಿರಿ. ಗುಂಪಿನಲ್ಲಿ ಒಬ್ಬರನ್ನು ಮಾತ್ರ ಕೇಳಿ, ಸರಾಸರಿ ತೆಗೆಯುವಾಗ ಆ ಉತ್ತರವನ್ನು ಗುಂಪಿನ ಸಂಖ್ಯೆಯಷ್ಟು ಸಲ ಹಿಡಿಯಿರಿ. ಇಲ್ಲವಾದರೆ ಒಬ್ಬೊಂಟಿಯಾಗಿ ಬಂದವರೂ ಎಂಟು ಮಂದಿಯ ಕುಟುಂಬವೂ ಒಂದೇ ತೂಕವಾಗುತ್ತದೆ.

ಬಂದ ತಲೆಗಳು

ಹೊರಹೋಗುವವರಿಗೆ ಕೇಳಿದ ನಾಲ್ಕರಲ್ಲಿ ಮೂರನೆಯ ಪ್ರಶ್ನೆ, ‘ಇದೇ ಮೊದಲ ಸಲಾನಾ?’ ಎಂಬುದೇ ಇದಕ್ಕೆ ಉತ್ತರ. ಪ್ರತಿಯೊಬ್ಬರಿಗೂ ಮೊದಲ ಭೇಟಿ ಒಂದೇ ಇರುತ್ತದೆ, ಆದ್ದರಿಂದ ಮೊದಲ ಭೇಟಿಗಳನ್ನು ಎಣಿಸಿದರೆ ವ್ಯಕ್ತಿಗಳನ್ನು ಎಣಿಸಿದಂತೆ. 400 ಜನರಲ್ಲಿ 340 ಮಂದಿ ‘ಇದೇ ಮೊದಲು’ ಎಂದರೆ 85 ಶೇಕಡ. ಭೇಟಿಗಳು 48,000 ಆದರೆ ವ್ಯಕ್ತಿಗಳು 40,800. ಮೂರು ದಿನಗಳ ಪರಿಷೆಗೆ ಪ್ರತಿ ದಿನ ಹೀಗೇ ಲೆಕ್ಕ ಮಾಡಿ ಕೂಡಿ. ಸೋಮವಾರ ‘ಮೊದಲ ಸಲ’ ಎನ್ನುವವರ ಪಾಲು ಕಡಿಮೆಯಾಗುವುದು ಸಹಜ, ಏಕೆಂದರೆ ಬಸವನಗುಡಿ, ಹನುಮಂತನಗರ, ಚಾಮರಾಜಪೇಟೆಯವರು ಶನಿವಾರವೇ ಒಂದು ಸುತ್ತು ಹಾಕಿಬಿಟ್ಟಿರುತ್ತಾರೆ.

ಕಾಫಿ ಕುಡಿಯಲು ಗಾಂಧಿ ಬಜಾರಿಗೆ ಹೋಗಿ ಮರಳಿ ಬಂದವರು ಎರಡನೆಯ ಭೇಟಿಯವರೇ. ‘ಈ ಸಲ ಒಳಗೆ ಬಂದದ್ದು ಯಾವಾಗ’ ಎಂದು ಕೇಳುವುದು ಅದಕ್ಕಾಗಿ. ದಾರಿಬಾಯಿಯ ಕೌಂಟರ್ ಕೂಡ ಅವರನ್ನು ಎರಡು ಸಲ ಹಿಡಿದಿರುತ್ತದೆ, ಹಾಗಾಗಿ ಎರಡೂ ಲೆಕ್ಕ ಒಂದೇ ಅರ್ಥದಲ್ಲಿರುತ್ತವೆ.

ಇದು ನಿಂತ ಜಾತ್ರೆಯ ಮಾತು. ಬೆಂಗಳೂರು ಕರಗ, ಮೈಸೂರಿನ ಜಂಬೂಸವಾರಿಯಂಥ ಚಲಿಸುವ ಉತ್ಸವಗಳಲ್ಲಿ ಒಂದೇ ಜಾಗದಲ್ಲಿ ಎಣಿಸಿದರೆ ಆ ಬಿಂದುವನ್ನು ಹಾಯದವರು ತಪ್ಪಿಹೋಗುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ಪ್ರತಿ ವರ್ಷ ಜುಲೈ 1ರಂದು ನಡೆಯುತ್ತಿದ್ದ ಮೆರವಣಿಗೆಗಳನ್ನು ಎಣಿಸಲು ಅಲ್ಲಿನ ಸಂಖ್ಯಾಶಾಸ್ತ್ರಜ್ಞ ಪಾಲ್ ಯಿಪ್ ಅವರ ತಂಡ ದಾರಿಯಲ್ಲಿ ಎರಡು ಬಿಂದುಗಳಲ್ಲಿ ಎಣಿಸಿ, ಎರಡನ್ನೂ ದಾಟಿದವರು ಎಷ್ಟು ಪಾಲು ಎಂದು ಜನರನ್ನೇ ಕೇಳಿ ತಿಳಿದು ಸರಿಪಡಿಸುವ ಕ್ರಮವನ್ನು ಬಳಸಿತು. ಕರಗಕ್ಕೆ ಅದು ಹೊಂದುತ್ತದೆ.

ಎರಡು ಲೆಕ್ಕ ಕೂಡದಿದ್ದರೆ

ದಾರಿಬಾಯಿಯಲ್ಲಿ 4ರಿಂದ 10ರವರೆಗೆ ಒಳಬಂದವರು 41,500, ಆಗಲೇ ಒಳಗಿದ್ದವರು 6,000, ಒಟ್ಟು 47,500 ಎಂದು ಬಂದರೆ, ಜನಗಂಟೆಯಿಂದ ಬಂದ 48,000ಕ್ಕೆ ಹತ್ತಿರವಿದೆ. 15 ಶೇಕಡದೊಳಗಿನ ಅಂತರವಾದರೆ ನೆಮ್ಮದಿಯಾಗಿ ಮುಂದೆ ಹೋಗಿ. ದಾರಿಬಾಯಿಯ ಅಂಕಿ ತುಂಬ ಕಡಿಮೆ ಇದ್ದರೆ ಯಾವುದೋ ಸಂದಿ ಪಟ್ಟಿಯಿಂದ ಬಿಟ್ಟುಹೋಗಿದೆ, ಇಲ್ಲವೇ ಏಳರ ನಂತರ ಎಣಿಸುವವರು ಸೋತಿದ್ದಾರೆ. ಗಂಟೆವಾರು ನೋಡಿದರೆ ಯಾವುದು ಎಂದು ತಿಳಿಯುತ್ತದೆ. ತುಂಬ ಹೆಚ್ಚಿದ್ದರೆ ರಸ್ತೆ ಅಡ್ಡ ಹಾದು ಮನೆಗೆ ಹೋಗುವವರು ಸೇರಿದ್ದಾರೆ. ಮೊದಲ ಪ್ರಶ್ನೆಗೆ ‘ದಾರಿ ಹಾದು ಹೊರಟಿದ್ದು’ ಎಂದವರ ಪಾಲನ್ನು ಕಳೆಯಿರಿ.

ಬೇರೆ ಆಧಾರಗಳು ಪೂರಕ ಮಾತ್ರ. ಪ್ರಸಾದದ ದೊನ್ನೆಗಳ ಲೆಕ್ಕ ನಿಖರವಾಗಿರುತ್ತದೆ, ಆದರೆ ಎರಡು ಸಲ ತೆಗೆದುಕೊಂಡವರೂ ತೆಗೆದುಕೊಳ್ಳದವರೂ ಇರುತ್ತಾರೆ. ದರ್ಶನದ ಸಾಲು ನಿಮಿಷಕ್ಕೆ ಎಷ್ಟು ಜನರಂತೆ ಸಾಗುತ್ತದೆಂದು ಎಣಿಸಬಹುದು. ಗುಡಿಯೊಳಗೆ ಹೋಗದೆ ಕಾಯಿ ಕೊಂಡು ಹೋಗುವವರೇ ಬಹಳವಾದ್ದರಿಂದ ಅದು ಪರಿಷೆಯ ಸಂಖ್ಯೆಯಾಗದು. ಮಾರಾಟವಾದ ಕಡಲೆಕಾಯಿಯ ಮೂಟೆಗಳಿಂದ ಜನರ ಸಂಖ್ಯೆ ತೆಗೆಯುವುದಂತೂ ಬೇಡವೇ ಬೇಡ: ಒಬ್ಬರು ಅರ್ಧ ಸೇರು ಕೊಂಡರೆ ಇನ್ನೊಬ್ಬರು ನೆಂಟರಿಗೆಲ್ಲ ಸೇರಿಸಿ ಹತ್ತು ಸೇರು ಕೊಳ್ಳುತ್ತಾರೆ.

ಡ್ರೋನ್ ಚಿತ್ರ ಬಯಲಿನಲ್ಲಿ ಚೆನ್ನ. ಬುಲ್ ಟೆಂಪಲ್ ರಸ್ತೆಯ ಮೇಲೆ ಮರಗಳು ಚಪ್ಪರ ಹಾಕಿರುವ ಕಡೆ ಅರ್ಧಕ್ಕರ್ಧ ಜನ ಕಾಣುವುದೇ ಇಲ್ಲ, ಅಂಗಡಿಗಳ ಟಾರ್ಪಾಲು ಉಳಿದವರನ್ನು ಮುಚ್ಚುತ್ತದೆ. ಜನರ ತಲೆಯ ಮೇಲೆ ಹಾರಿಸಲು ಪೊಲೀಸರ ಅನುಮತಿಯೂ ಬೇಕು. ರಸ್ತೆ ಬದಿಯ ಕಟ್ಟಡದ ಮೂರನೆಯ ಮಹಡಿಯಿಂದ, ಮಾಲೀಕರನ್ನು ಕೇಳಿಕೊಂಡು, ಪ್ರತಿ ಗಂಟೆ ಒಂದೇ ಕೋನದಲ್ಲಿ ತೆಗೆದ ಫೋಟೊ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸುತ್ತಿನವರು ಬರೆದ ದಟ್ಟಣೆಯನ್ನು ಮಾರನೆಯ ದಿನ ಅದರಲ್ಲಿ ಪರೀಕ್ಷಿಸಬಹುದು.

ಸಂಖ್ಯೆಯನ್ನು ಹೇಳುವ ಬಗೆ

ಒಂದೇ ಅಂಕಿ ಕೊಡಬೇಡಿ, ವ್ಯಾಪ್ತಿ ಕೊಡಿ. ಸುತ್ತಿನ ಎಣಿಕೆಯಲ್ಲಿ 10 ಶೇಕಡ, ಇದ್ದ ಹೊತ್ತಿನಲ್ಲಿ 15, ಮೊದಲ ಭೇಟಿಯ ಪಾಲಿನಲ್ಲಿ 5 ಶೇಕಡ ಏರುಪೇರು ಎಂದು ಹಿಡಿದರೆ, ಮೂರರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ: 100, 225, 25 ಸೇರಿ 350, ಅದರ ವರ್ಗಮೂಲ ಸುಮಾರು 19. ಅಂದರೆ 40,800ಕ್ಕೆ ಹೆಚ್ಚುಕಡಿಮೆ 7,750. ವರದಿಯಲ್ಲಿ ‘ಸಂಜೆ 4ರಿಂದ 10ರವರೆಗೆ 33,000ದಿಂದ 49,000 ಜನ, ಏಳು ಗಂಟೆಗೆ ಒಟ್ಟಿಗೆ ಸುಮಾರು 18,000’ ಎಂದು ಬರೆಯಿರಿ. ಗಡಿ ಎಲ್ಲಿಂದ ಎಲ್ಲಿಗೆ, ಯಾವ ಹೊತ್ತು, ಯಾವ ಕ್ರಮ ಎಂಬುದೂ ಅದೇ ಪುಟದಲ್ಲಿರಲಿ. ‘40,812’ ಎಂದು ಕೊನೆಯ ಅಂಕಿಯವರೆಗೂ ಬರೆಯುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ.

ಸಂಘಟಕರಿಗೆ ಈ ಸಂಖ್ಯೆ ಚಿಕ್ಕದೆನಿಸಬಹುದು. ಹೋದ ವರ್ಷ ಯಾರೋ ಐದು ಲಕ್ಷ ಎಂದು ಹೇಳಿದ್ದರೆ ಈಗ ಜನ ಕಡಿಮೆಯಾದರು ಎಂದು ಯಾರೂ ಒಪ್ಪಲಾರರು. ಇಂಥ ಜಗಳ ಎಲ್ಲ ಕಡೆಯೂ ನಡೆದಿದೆ. 1995ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮಿಲಿಯನ್ ಮ್ಯಾನ್ ಮಾರ್ಚ್ (ಹತ್ತು ಲಕ್ಷ ಜನರ ನಡಿಗೆ) ಎಂಬ ಬೃಹತ್ ಸಭೆಗೆ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ 4 ಲಕ್ಷ ಎಂದಿತು. ಬಾಸ್ಟನ್ ವಿಶ್ವವಿದ್ಯಾಲಯದ ಫಾರೂಕ್ ಎಲ್-ಬಾಜ್ ಅವರ ತಂಡ ಮೇಲಿನಿಂದ ತೆಗೆದ ಚಿತ್ರಗಳನ್ನು ಅಳೆದು 8.37 ಲಕ್ಷ, 20 ಶೇಕಡ ಹೆಚ್ಚುಕಡಿಮೆ, ಎಂದಿತು. ಆ ವಿವಾದದ ನಂತರ ಇಲಾಖೆ ಜನಸಂಖ್ಯೆ ಹೇಳುವುದನ್ನೇ ಬಿಟ್ಟಿತು. ಅದಕ್ಕಾಗಿಯೇ ಕ್ರಮವನ್ನು ಉತ್ಸವಕ್ಕೆ ಮೊದಲೇ ಎಲ್ಲರಿಗೂ ತಿಳಿಸಿ, ಒಪ್ಪಿಸಿ. ಸಂಖ್ಯೆ ಬಂದ ಮೇಲೆ ಕ್ರಮದ ಮಾತು ತೆಗೆದರೆ ಯಾರೂ ಕಿವಿಗೊಡುವುದಿಲ್ಲ.

ಎಣಿಸುತ್ತಿರುವಾಗಲೇ ಬಳಸಬೇಕಾದ ಅಂಕಿ

ಒಟ್ಟು ಸಂಖ್ಯೆ ಮಾರನೆಯ ದಿನಕ್ಕಾಯಿತು. ದಟ್ಟಣೆ ಮಾತ್ರ ಆ ಕ್ಷಣದ್ದು. ಸುತ್ತಿನವರಿಗೆ ಯಾವುದೇ ತುಂಡಿನಲ್ಲಿ ಚದರ ಮೀಟರಿಗೆ 4 ಕಂಡರೆ ಕೂಡಲೇ ಸಂಯೋಜಕರಿಗೆ ಫೋನ್ ಮಾಡಬೇಕು, ಅವರು ಪೊಲೀಸರಿಗೆ ಹೇಳಿ ಆ ಕಡೆಗೆ ಬರುವ ದಾರಿಯನ್ನು ತಡೆಯಿಸಬೇಕು. 5 ದಾಟಿದರೆ ಜನ ತಮ್ಮ ಇಚ್ಛೆಯಂತೆ ಹೆಜ್ಜೆ ಇಡಲಾರರು. ಒಬ್ಬರ ತಳ್ಳಾಟ ಅಲೆಯಾಗಿ ಸಾಗುತ್ತದೆ, ಬಿದ್ದವರನ್ನು ಎತ್ತಲು ಬಗ್ಗುವುದಕ್ಕೂ ಜಾಗವಿರುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದನ್ನು ಈ ಊರು ಕಂಡಿದೆ. ಮುಂಜಾಗ್ರತೆಗೆ ಬೇಕಾದದ್ದು ದಟ್ಟಣೆ 3ರಿಂದ 4ಕ್ಕೆ ಏರುವ ನಡುವಿನ ಹತ್ತು ನಿಮಿಷ.

ಹೊರಹೋಗುವ ದಾರಿಗಳ ಲೆಕ್ಕವನ್ನೂ ಅದೇ ನಕ್ಷೆಯಲ್ಲಿ ಮಾಡಿಡಿ. ಸಮತಟ್ಟಾದ ದಾರಿಯಲ್ಲಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಎಂಬುದು ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿ ಕೊಡುವ ಮೇಲ್ಮಿತಿ. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು, ಬದಿಯಲ್ಲಿ ತಳ್ಳುಗಾಡಿ ಇರುವ ಪರಿಷೆಯಲ್ಲಿ ಅದರ ಅರ್ಧ, 40 ಹಿಡಿಯುವುದು ಲೇಸು. ಎಲ್ಲ ದಾರಿಗಳೂ ಸೇರಿ ತೆರವಾಗಿರುವ ಅಗಲ 9 ಮೀಟರ್ ಆದರೆ ನಿಮಿಷಕ್ಕೆ 360 ಜನ; 18,000 ಜನ ಹೊರಬೀಳಲು 50 ನಿಮಿಷ. ಕಾರ್ತಿಕದಲ್ಲಿ ಬೆಂಗಳೂರಿಗೆ ಹಿಂಗಾರಿನ ಮಳೆ ಹೇಳದೆ ಬರುತ್ತದೆ, ಬಂದಾಗ ಎಲ್ಲರೂ ಒಮ್ಮೆಗೇ ಹೊರಡುತ್ತಾರೆ. ಅಡ್ಡರಸ್ತೆಯ ಬಾಯಲ್ಲಿ ಕೂತ ಒಂದೊಂದು ತಳ್ಳುಗಾಡಿ ಮೀಟರಿನಷ್ಟು ಅಗಲ ನುಂಗಿದರೆ ಆ 50 ನಿಮಿಷ ಎಷ್ಟಾಗುತ್ತದೆಂದು ಲೆಕ್ಕ ಹಾಕಿ, ಬರೆದು, ಪಾಲಿಕೆಗೂ ಪೊಲೀಸ್ ಠಾಣೆಗೂ ಪರಿಷೆಗೆ ಮೊದಲೇ ಕೊಡಿ.

ಎಲ್ಲ ಹಾಳೆಗಳನ್ನೂ, ನಕ್ಷೆಯನ್ನೂ, ಕಂಬಗಳ ಪಟ್ಟಿಯನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಮುಂದಿನ ವರ್ಷ ಅದೇ ಗಡಿ, ಅದೇ ಪಟ್ಟಿಗಳು, ಅದೇ ನಿಮಿಷಗಳು ಇರಲಿ. ಏನಾದರೂ ಬದಲಿಸಲೇಬೇಕಾದರೆ ಒಂದು ವರ್ಷ ಹಳೆಯದನ್ನೂ ಹೊಸದನ್ನೂ ಎರಡನ್ನೂ ಎಣಿಸಿ.